ಗೋಡೆಯಾಚೆ ಉಳಿದ ಹಾಡು

ಬೆಳಿಗ್ಗೆ ಬಾಗಿಲು ತೆರೆದರೆ ಪಕ್ಕದ ಮನೆಯ ಸರೋಜಕ್ಕ ನಿಂತಿದ್ದರು. ಹಿಂದಿನ ಸಂಜೆ ನವಿ ಮುಂಬಯಿಯ ನೆರೂಳಿನ ನಮ್ಮ ಫ್ಲ್ಯಾಟಿನಲ್ಲಿ ಪ್ರಾರ್ಥನಾ ಕೂಟ ನಡೆದಿತ್ತು. ಸದ್ದು ಜಾಸ್ತಿಯಾಯಿತೆಂದು ಬೈಯಲು ಬಂದರೇನೋ ಎಂದು ಅಳುಕಿದೆ.

"ನಿನ್ನೆ ಕೊನೆಗೆ ಒಂದು ಹಾಡು ಹೇಳಿದ್ರಲ್ಲ, ಅದನ್ನು ಇವತ್ತೂ ಹೇಳ್ತೀರಾ? ನೋವಿನಲ್ಲಿ ಒದ್ದಾಡ್ತಾ ಇದ್ದ ನಮ್ಮ ಅತ್ತೆಗೆ ಅದು ಕೇಳಿ ಒಳ್ಳೆ ನಿದ್ರೆ ಬಂತು ಮಾರಾಯ್ರೆ."

ಕೂಟದಲ್ಲಿ ಹಾಡು ನಡೆಸುವವಳು ನಾನೇ. ಪುಸ್ತಕದ ಹಾಡುಗಳು ಮುಗಿದ ಮೇಲೆ ಪವಿತ್ರಾತ್ಮ ನಡೆಸಿದಂತೆ ಹಾಡಬೇಕೆಂದು ತಿಂಗಳುಗಟ್ಟಲೆ ತಡವರಿಸಿದ್ದೆ. ಹಿಂದಿನ ಸಂಜೆ ಮೊದಲ ಸಲ ಕಣ್ಣು ಮುಚ್ಚಿ, ಒಳಗಿನಿಂದ ಬಂದದ್ದನ್ನು ಬಂದಂತೆಯೇ ಹಾಡಿಬಿಟ್ಟಿದ್ದೆ. ಹಾಡನ್ನು ಹಿಡಿದಿಡುವ ಮೊಬೈಲು ಆಗ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

"ಅದು ಹಾಗೇ ಬಂದ ಹಾಡು ಅಕ್ಕ, ಈಗ ಒಂದು ಸಾಲೂ ನೆನಪಿಲ್ಲ" ಎಂದೆ.

"ನನಗೆ ನೆನಪುಂಟಲ್ಲ!" ಎಂದು ಅವರು ಹೊಸ್ತಿಲಲ್ಲೇ ನಿಂತು ಶುರುಮಾಡಿದರು: "ಸ್ವಾಮೀ, ಬೆಳಗಾಗುವ ತನಕ ಇಲ್ಲೇ ಕೂತಿರು..." ಭಜನಾ ಮಂಡಳಿಯಲ್ಲಿ ಪಳಗಿದ ಕಿವಿ ಅವರದು. ಕೇಳುತ್ತಿದ್ದಂತೆ ನನ್ನದೇ ಹಾಡಿನ ಗುರುತು ಸಿಕ್ಕಿ ಕಣ್ಣು ತುಂಬಿತು. ಆ ಸಂಜೆ ಅವರ ಅತ್ತೆಯ ಮಂಚದ ಪಕ್ಕ ಕುಳಿತು ಸರೋಜಕ್ಕ ಹೇಳಿಕೊಟ್ಟಂತೆ ನಾನು ಹಾಡಿದೆ.

ಅತ್ತೆ ಈಗಿಲ್ಲ, ಸರೋಜಕ್ಕ ಉಡುಪಿಗೆ ಮರಳಿ ವರ್ಷಗಳಾದವು. ನಮ್ಮ ಸಭೆಯಲ್ಲಿ ಇಂದಿಗೂ ಆ ಹಾಡು ಹಾಡುತ್ತೇವೆ. ಎಲ್ಲಿ ಕಲಿತಿರಿ ಎಂದು ಹೊಸಬರು ಕೇಳಿದರೆ, "ಪಕ್ಕದ ಮನೆಯ ಅಕ್ಕನಿಂದ" ಎನ್ನುತ್ತೇನೆ.