ಬರಣಿಯಲ್ಲಿ ಹೋದ ಪಂಚಮಿ ಉಂಡಿ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಜೋರಾಪುರ ಪೇಟೆಯ, ಹುರಿಗಡಲೆ ಮಾಡುವ ಪುಟಾಣಿ ಭಟ್ಟಿಗೆ ಸೇರಿದವನು ನಾನು. ಕಡಲೆ ಹದವಾಗಿ ಹುರಿದಿದೆಯೋ ಇಲ್ಲವೋ ಎಂಬುದನ್ನು ವಾಸನೆಯಿಂದಲೇ ಹೇಳುತ್ತಿದ್ದೆ. ಅಂಥವನ ಮನೆಯ ಉಂಡಿಗೆ ಯಾರಾದರೂ ಹೆಸರಿಟ್ಟರೆ ಸುಮ್ಮನಿರುವುದು ಹೇಗೆ?

ಹೆಸರಿಟ್ಟಿದ್ದರು. ನಾಗರ ಪಂಚಮಿಗೆ ತವರಿಗೆ ಬರಲಾಗದ ಹೆಣ್ಣುಮಕ್ಕಳಿಗೆ ನಾವೇ ಉಂಡಿ ಮುಟ್ಟಿಸಬೇಕು. ಹಿಂದಿನ ವರ್ಷ ತಿಕೋಟಾದ ಅಕ್ಕನಿಗೆ ಒಯ್ದ ಉಂಡಿ ಚಕ್ಕಡಿಯ ಕುಲುಕಾಟಕ್ಕೆ ಪುಡಿಯಾಗಿತ್ತು. ಆಕೆಯ ಮೈದುನನ ಹೆಂಡತಿ, ಆ ನೆಗೆಣ್ಣಿ, "ತವರಮನಿಯಿಂದ ಬೂದಿ ಬಂದೈತಿ, ಬರ್ರಿ, ಹಚ್ಕೋರಿ" ಎಂದು ಓಣಿಯನ್ನೆಲ್ಲ ನಗಿಸಿದ್ದಳು.

ಈ ಸಲ ತಂಗಿಗೆ ಮದುವೆಯಾದ ಮೇಲಿನ ಮೊದಲ ಪಂಚಮಿ. ಬಬಲೇಶ್ವರದಲ್ಲಿ ಅವಳ ಅತ್ತೆ ಕಾಲು ಉಳುಕಿಸಿಕೊಂಡು ಕೂತಿದ್ದರಿಂದ ಅವಳು ಬರುವಂತಿರಲಿಲ್ಲ. ಜೋಕಾಲಿ ಆಡಲು ಬರುವ ಗೆಳತಿಯರಿಗೆಲ್ಲ ತವರಿನ ಉಂಡಿ ಕೊಡುತ್ತೇನೆಂದು ಹೇಳಿಕೊಂಡು ಬೇರೆ ಕೂತಿದ್ದಳು.

ನಾನು ಸ್ಟೇಷನ್ ರಸ್ತೆಯ ಅಂಗಡಿಯಿಂದ ಪೆಪ್ಪರಮಿಂಟು ತುಂಬುವ ಎರಡು ಗಾಜಿನ ಬರಣಿ ತಂದೆ. ಅವ್ವ ತುಪ್ಪದಲ್ಲಿ ಹುರಿದ ಕಡಲೆಹಿಟ್ಟನ್ನು ತಳಕ್ಕೆ ಹಾಕಿ, ಮೇಲೆ ಕೊಬ್ಬರಿ, ಎಳ್ಳು, ಗಸಗಸೆ, ನಾನೇ ಹುರಿದ ಪುಟಾಣಿ ಎಲ್ಲವನ್ನೂ ಪದರ ಪದರವಾಗಿ ಒತ್ತಿ ತುಂಬಿದೆವು. ಬೆಲ್ಲ ಬೇರೆ ಗಂಟಿನಲ್ಲಿ. ಅಲ್ಲಿ ಅದನ್ನು ಕರಗಿಸಿ ಆಣ ಕಾಸಿ ಸುರಿದು ಕಟ್ಟಿದರಾಯಿತು.

"ಕಟ್ಟದ ಉಂಡಿ ಒಯ್ದರ ಬೀಗರು ಏನಂದಾರೋ?" ಅಂದಳು ಅವ್ವ.

"ಕಟ್ಟಿದ್ದು ಒಯ್ದಾಗ ಏನಂದ್ರು, ಮರ್ತೇನ ಬೇ?"

ಪಂಚಮಿಯ ಹಿಂದಿನ ದಿನ ಮೊದಲು ತಿಕೋಟಾಕ್ಕೆ ಹೋದೆ. ನಾನು ಮುಟ್ಟಿದ ಕೂಡಲೇ ಅಕ್ಕ ಒಲೆ ಹೊತ್ತಿಸಿ ಉಂಡಿ ಕಟ್ಟಿದಳು. ನೆಗೆಣ್ಣಿ ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಅಕ್ಕನಿಗೆ ಆದ ಸಂತೋಷಕ್ಕೆ ನನ್ನನ್ನು ಬಿಡಲೇ ಇಲ್ಲ. ಹೀಗಾಗಿ ಬಬಲೇಶ್ವರ ಮುಟ್ಟಿದಾಗ ಪಂಚಮಿಯ ದಿನವೇ ಬಂದುಬಿಟ್ಟಿತ್ತು.

ತಂಗಿ ಬರಣಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು. ಮರುಗಳಿಗೆಗೆ ಮುಖ ಸಣ್ಣದಾಯಿತು.

"ಅಣ್ಣಾ, ಇವತ್ತ ಆಣ ಹೆಂಗ ಕಾಸೂದೋ? ಪಂಚಮಿ ದಿನ ಈ ಮನ್ಯಾಗ ಒಲಿ ಮ್ಯಾಲೆ ಹಂಚು, ಕಡಾಯಿ ಇಡಂಗಿಲ್ಲ. ಬರೇ ಉಗಿ ಅಡಗಿ."

ನಮ್ಮ ಮನೆಯಲ್ಲೂ ಇಡುವುದಿಲ್ಲ. ಆದರೆ ನಮ್ಮಲ್ಲಿ ಉಂಡಿ ಮುಂಚೆಯೇ ಆಗಿರುತ್ತಿದ್ದರಿಂದ ಆ ಮಾತು ನನ್ನ ತಲೆಗೇ ಬಂದಿರಲಿಲ್ಲ. ಹೊರಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಗೆಳತಿಯರು ಬರುವ ಹೊತ್ತು. ತಂಗಿಯ ಕಣ್ಣು ತುಂಬಿದವು.

ಅವಳ ಅತ್ತೆ ಪಡಸಾಲೆಯಿಂದಲೇ ಕೇಳಿದರು. "ಏನ್ ತಮ್ಮಾ, ತವರಮನಿಯವರು ಹಿಟ್ಟು ಕಳಸ್ಯಾರ, ಉಂಡಿ ನಾವ ಕಟಗೋಬೇಕೇನು?"

"ನಾನ ಕಟ್ಟಿ ಕೊಟ್ಟು ಹೋಗತೇನ್ರಿ ಯವ್ವಾರ. ಬೆಲ್ಲ ಕರಗಸಾಕ ಮಾತ್ರ ದಾರಿ ಕಾಣವಲ್ದು."

ಅವರು ಅಡುಗೆಮನೆಯ ಕಡೆ ಮೂಗು ಎತ್ತಿದರು. ಒಳಗೆ ಕಡಬು ಉಗಿಯಲ್ಲಿ ಬೇಯುತ್ತಿದ್ದವು.

"ಏ ಹುಚ್ಚಿ, ಅಳತಿ ಯಾಕ? ಬೆಲ್ಲ ಹೆರದು ಬಟ್ಟಲದಾಗ ಹಾಕಿ, ತುಪ್ಪ ಬಿಟ್ಟು, ಕಡಬಿನ ಪಾತ್ರ್ಯಾಗ ಇಡು. ಕಡಾಯಿ ಇಡಬಾರದು ಅಂತ ನಮ್ಮತ್ತಿ ಹೇಳ್ಯಾಳ. ಬೆಲ್ಲ ಕರಗಬಾರದು ಅಂತ ಯಾರೂ ಹೇಳಿಲ್ಲ."

ಬೆಲ್ಲ ಕರಗಿತು. ಬರಣಿಯ ಪದರಗಳೆಲ್ಲ ಅಗಲವಾದ ಪರಾತದಲ್ಲಿ ಒಂದಾದವು. ಆರಿದರೆ ಕಟ್ಟಲು ಬರುವುದಿಲ್ಲವೆಂದು ನಾನೂ ತೋಳು ಏರಿಸಿ ಕೂತೆ. ಅತ್ತೆ ಕಾಲು ಚಾಚಿಕೊಂಡೇ ಪರಾತ ತಮ್ಮ ಕಡೆಗೆ ಎಳೆದುಕೊಂಡರು. ಅವರ ಉಂಡಿ ಗುಂಡಗೆ, ನುಣ್ಣಗೆ.

"ತಮ್ಮಾ, ನಿನ್ನವು ಉಂಡಿ ಅಲ್ಲ, ಕವಣಿ ಕಲ್ಲು. ಹಕ್ಕಿ ಹೊಡಿಯಾಕ ಬೇಕು."

"ಗಟ್ಟಿ ಇರ್ಲಿ ಬಿಡ್ರಿ. ಪುಡಿ ಆಗಿ ಒಮ್ಮೆ ಸಾಕಾಗೇತಿ."

ತಂಗಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಜೋಕಾಲಿಯ ಬುಡಕ್ಕೆ ಹೋದಳು. "ನಮ್ಮ ತವರಮನಿ ಉಂಡಿ, ತಗೋರಿ" ಎಂಬ ಅವಳ ದನಿ ಪಡಸಾಲೆಯವರೆಗೂ ಕೇಳುತ್ತಿತ್ತು. ಅದರಲ್ಲಿ ಅರ್ಧದಷ್ಟು ಅತ್ತೆಯ ಕೈಯವು ಎಂದು ಅವಳೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಹೊರಡುವಾಗ ಖಾಲಿ ಬರಣಿಗೆ ಕೈ ಹಾಕಿದೆ. ಅತ್ತೆ ಅದನ್ನು ತಮ್ಮ ಬೆನ್ನ ಹಿಂದೆ ಸರಿಸಿದರು.

"ಇದು ಇಲ್ಲೇ ಇರ್ಲಿ. ಬರೂ ಪಂಚಮಿಗಿ ನಿನ್ನ ತಂಗೀನ್ನ ಕಳಸ್ತೇನಿ. ಬರಣಿ ಆಕಿ ಕೈಯಾಗ ಬರತೈತಿ, ತುಂಬಿಕೊಂಡು."