ಸೀಟು ಹೊಯ್ಯುವ ದೊಡ್ಡಮ್ಮ

ರೇಸಿನ ಸೀಸನ್ನು ಶುರುವಾಗುವ ಮುಂಚೆ ಯಾವ ಡ್ರೈವರು ಉಳಿದರು, ಯಾರನ್ನು ತೆಗೆದರು ಎಂಬುದು ಮೊದಲು ತಿಳಿಯುತ್ತಿದ್ದುದು ಪತ್ರಿಕೆಯವರಿಗಲ್ಲ, ಡ್ರೈವರುಗಳಿಗೂ ಅಲ್ಲ. ತಂಡದ ಷೆಡ್ಡಿನ ಹಿಂದಿನ ಕೋಣೆಯಲ್ಲಿ ಸೀಟು ಮಾಡುವ ದೊಡ್ಡಮ್ಮನಿಗೆ.

ನಾಲ್ಕು ಚಕ್ರಗಳೂ ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಬ್ಬರೇ ಕೂರುವ ಕಾರುಗಳು ಅವು. ಒಳಗೆ ಉಸಿರು ತೆಗೆಯುವುದಕ್ಕೂ ಲೆಕ್ಕ ಹಾಕಬೇಕಾದಷ್ಟು ಇಕ್ಕಟ್ಟು. ಅಂಗಡಿಯ ಸೀಟು ಅಲ್ಲಿ ನಡೆಯುವುದಿಲ್ಲ. ಡ್ರೈವರನ್ನು ಒಳಗೆ ಕೂರಿಸಿ, ಬೆನ್ನ ಹಿಂದೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರೊಳಕ್ಕೆ ಎರಡು ದ್ರಾವಣಗಳನ್ನು ಬೆರೆಸಿ ಹೊಯ್ಯಬೇಕು. ಅದು ಬಿಸಿಯಾಗಿ, ನೊರೆಯಾಗಿ ಉಬ್ಬಿ, ಬೆನ್ನು ಸೊಂಟ ತೊಡೆಗಳ ಸುತ್ತ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಕೂತವರು ಕೆಮ್ಮಲೂ ಕೂಡದು. ಆಮೇಲೆ ಚಾಕುವಿನಿಂದ ಕೊಯ್ದು, ಉಜ್ಜಿ, ಬಟ್ಟೆ ಹೊದಿಸಿದರೆ ಸೀಟು. ಒಬ್ಬರದು ಇನ್ನೊಬ್ಬರಿಗೆ ಆಗದು.

ಹಾಗಾಗಿ ಹೊಸಬರು ಬರುತ್ತಾರೆಂದರೆ ಸುದ್ದಿಗಿಂತ ಮೊದಲು ಸೀಟು ಆಗಬೇಕು. ತಂಡದ ಯಜಮಾನರು ಯಾರನ್ನೋ ಹಿಂಬಾಗಿಲಿನಿಂದ ಕರೆತಂದು, ಷಟರನ್ನು ಅರ್ಧ ಇಳಿಸಿ, "ದೊಡ್ಡಮ್ಮ, ಒಂದು ಹೊಯ್ಯಬೇಕಲ್ಲ" ಅನ್ನುತ್ತಿದ್ದರು. ಷಟರು ಅರ್ಧ ಇಳಿಯಿತೆಂದರೆ ಬಾಯಿಗೆ ಬೀಗ ಎಂದೇ ಅರ್ಥ. ತನ್ನ ಜಾಗಕ್ಕೆ ಬೇರೆಯವರ ಸೀಟು ಒಳಗೆ ಒಣಗುತ್ತಿರುವುದು ಗೊತ್ತಿಲ್ಲದೆ ಹೊರಗೆ ಚಹಾ ಕುಡಿಯುತ್ತ ಮುಂದಿನ ಸೀಸನ್ನಿನ ಕನಸು ಹೇಳುವ ಹುಡುಗರನ್ನು ದೊಡ್ಡಮ್ಮ ಎಷ್ಟೋ ಸಲ ನೋಡಿದ್ದಳು. "ಸಕ್ಕರೆ ಸಾಕೇನಪ್ಪ?" ಎಂದು ಕೇಳಿ ಸುಮ್ಮನಾಗಿದ್ದಳು. ತನ್ನ ಬಾಯಿಯ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಗಂಡನ ಜೊತೆ ಬಸ್ಸಿನ ಸೀಟು ಹೊಲಿಯುತ್ತಿದ್ದವಳು, ಅವನು ಹೋದ ಮೇಲೆ ಒಬ್ಬಳೇ ಸೂಜಿ ಹಿಡಿದು ಈ ಷೆಡ್ಡಿಗೆ ಬಂದವಳು, ಗಂಡಸರೇ ತುಂಬಿದ್ದ ಜಾಗದಲ್ಲಿ ನೆಲೆ ನಿಂತದ್ದು ಕೈಗುಣದಿಂದ ಅರ್ಧ, ಮೌನದಿಂದ ಅರ್ಧ.

ಷೆಡ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಅನ್ನುವುದಕ್ಕೆ ಕಾರಣ ಅವಳ ತಂಗಿಯ ಮಗಳು. ಮಕ್ಕಳಿಲ್ಲದ ದೊಡ್ಡಮ್ಮ ಇದ್ದದ್ದು ತಂಗಿಯ ಮನೆಯಲ್ಲೇ. ಆ ಹುಡುಗಿ ಕೂತಲ್ಲಿ ಕೂರುತ್ತಿರಲಿಲ್ಲ, ಅದಕ್ಕೇ ಮನೆಯಲ್ಲಿ ಅವಳ ಹೆಸರು ಗಿರಗಿಟ್ಲೆ. ಶಾಲೆ ಬಿಟ್ಟೊಡನೆ ದೊಡ್ಡಮ್ಮನ ಹತ್ತಿರ ಓಡಿ ಬಂದು, ಮಕ್ಕಳು ರೇಸು ಕಲಿಯುವ ಸಣ್ಣ ಕಾರ್ಟುಗಳಲ್ಲಿ ಕೈ ಪಳಗಿಸಿಕೊಂಡು, ಕೊನೆಗೆ ಆ ತಂಡದ ಎರಡನೇ ಕಾರಿಗೇ ಡ್ರೈವರಾದಳು. ಅವಳಿಗೆ ಮೊದಲ ಸೀಟು ಹೊಯ್ದ ದಿನ ದೊಡ್ಡಮ್ಮ ಗದರಿದ್ದಳು, "ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನೆ ಕೂತಿಲ್ಲ ನೀನು, ಇವತ್ತೊಂದಿನ ಕೂರೇ ಮಾರಾಯ್ತಿ." ಹುಡುಗಿ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತಿದ್ದಳು. ಬೆನ್ನಿಗೆ ಬಿಸಿ ತಾಗಿದಾಗ ಮಾತ್ರ, "ದೊಡ್ಡಮ್ಮ, ನೀನು ನನ್ನ ಎತ್ಕೊಂಡ ಹಾಗಿದೆ" ಅಂದಿದ್ದಳು.

ಈ ಸಲ ಷಟರು ಅರ್ಧ ಇಳಿದಾಗ ಒಳಗೆ ಬಂದವನು ಉದ್ದ ಕಾಲಿನ ಒಬ್ಬ ತರುಣ. ಅವನ ಅಪ್ಪ ಬಾಗಿಲ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ. ಆತನ ಕಂಪನಿಯ ಹೆಸರು ಇನ್ನು ಮುಂದೆ ಕಾರಿನ ಮೂಗಿನ ಮೇಲೆ ಬರುತ್ತದಂತೆ. ತಂಡಕ್ಕೆ ಇರುವುದೇ ಎರಡು ಕಾರು. ಮೊದಲನೆಯದರ ಡ್ರೈವರಿಗೆ ಇನ್ನೂ ಕರಾರು ಉಳಿದಿತ್ತು. ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ದೊಡ್ಡಮ್ಮನ ಕೈ ದ್ರಾವಣದ ಡಬ್ಬಿಯ ಮೇಲೆ ನಿಂತಿತು.

"ನಮ್ಮ ಹುಡುಗಿ?"

"ಅವಳಿಗೆ ನಾನೇ ಹೇಳ್ತೀನಿ ದೊಡ್ಡಮ್ಮ. ಇನ್ನೇನು, ಇವತ್ತೋ ನಾಳೆಯೋ. ನೀವು ಸುಮ್ಮನಿರಿ, ಅಷ್ಟೇ," ಅಂದರು ಯಜಮಾನರು. ಆಮೇಲೆ ಮೆತ್ತಗೆ ಸೇರಿಸಿದರು, "ನಿಮಗೆ ನಾನು ಹೇಳಿಕೊಡಬೇಕಾ?"

ಅವಳು ಹೊಯ್ದಳು. ತರುಣ ಒಳ್ಳೆಯವನೇ. ಕದಲದೆ ಕೂತ, ಎದ್ದ ಮೇಲೆ "ಥ್ಯಾಂಕ್ಸ್ ಆಂಟಿ" ಅಂದ. ಅವನನ್ನು ಶಪಿಸಲೂ ಅವಳಿಗೆ ನೆವ ಸಿಗಲಿಲ್ಲ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಮಾತು ನಡೆದಿತ್ತು. ಬೇರೊಂದು ಊರಿನ ಸಣ್ಣ ತಂಡವೊಂದು ಗಿರಗಿಟ್ಲೆಯನ್ನು ಕರೆದಿತ್ತು. ಕಾರು ನಿಧಾನದ್ದು, ಹೆಸರೂ ಅಷ್ಟಕ್ಕಷ್ಟೆ. ಆದರೆ ಸೀಟು ಖಚಿತ. ಶನಿವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

"ಆ ಡಬ್ಬಾದಲ್ಲಿ ಯಾರು ಕೂರ್ತಾರೆ? ಹಿಂದಿನಿಂದ ತಳ್ಕೊಂಡು ಹೋಗ್ಬೇಕು ಅದನ್ನ," ಅಂದಳು ಹುಡುಗಿ.

"ಇದ್ದದ್ದನ್ನೂ ಕಳ್ಕೋಬೇಡ ಕಣೇ," ಅಂದಳು ತಾಯಿ. "ನಿನ್ನ ಯಜಮಾನ್ರು ಒಂದು ಮಾತೂ ಆಡಿಲ್ಲ ಇನ್ನೂ."

"ಅವರು ಯಾವತ್ತು ಆಡಿದಾರೆ? ತಡಿ, ಆಡೋರು ಇಲ್ಲೇ ಇದಾರಲ್ಲ." ಗಿರಗಿಟ್ಲೆ ನಗುತ್ತ ದೊಡ್ಡಮ್ಮನ ತಟ್ಟೆಯ ಕಡೆ ಬಾಗಿದಳು. "ದೊಡ್ಡಮ್ಮ, ಈ ಸಲ ನಂಗೆ ಸೀಟು ಯಾವಾಗ ಹೊಯ್ತೀಯ?"

ಹೇಳಿಬಿಡಬಹುದಿತ್ತು. ತಂಗಿ ಎದುರಿಗಿದ್ದಳು, ಬಾಗಿಲು ಹಾಕಿತ್ತು, ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಯಜಮಾನರು ನಾಳೆ ಹೇಳುತ್ತಾರಲ್ಲ, ಒಂದು ದಿನದ ಮಟ್ಟಿಗೆ ತಾನೇಕೆ ಮಾತು ಮುರಿಯಬೇಕು ಎಂದು ಅವಳಿಗೆ ತೋಚಿತು. ಬಾಯಿಗೆ ಬಂದದ್ದು ಷೆಡ್ಡಿನ ಹಳೆಯ ತಮಾಷೆ:

"ನಿಂದೇನು, ಮೈ ಬೆಳೆದಿದೆಯಾ? ಇರೋ ಸೀಟೇ ಸಾಕು ಬಿಡು."

ಗಿರಗಿಟ್ಲೆ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ ಹುಬ್ಬು ಹಾರಿಸಿದಳು. "ಕೇಳಿಸ್ತಾ? ದೊಡ್ಡಮ್ಮನ ಬಾಯಿಂದ ಇಷ್ಟು ಬಂದ್ರೆ ಅದು ರಿಜಿಸ್ಟರ್ ಆದ ಹಾಗೆ."

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಹುಡುಗಿ ತನ್ನ ಮಾತನ್ನು ಸುಳಿವೆಂದು ತಿಳಿದುಕೊಂಡಳು ಎಂಬುದು ಕೈ ತೊಳೆಯುವಾಗ ಹೊಳೆಯಿತು. ಆದರೆ ನಲ್ಲಿಯ ಸದ್ದಿನ ಜೊತೆ ಒಳಗಿನಿಂದ ಫೋನಿನ ಮಾತು ಕೇಳುತ್ತಿತ್ತು: "ಇಲ್ಲ ಸರ್, ನಾನು ಇಲ್ಲೇ ಇರ್ತೀನಿ. ಕರೆದದ್ದಕ್ಕೆ ಥ್ಯಾಂಕ್ಸ್." ದೊಡ್ಡಮ್ಮ ಒದ್ದೆ ಕೈಯಲ್ಲೇ ಬಾಗಿಲವರೆಗೆ ಹೋದಳು. ಹುಡುಗಿ ಹಗುರಾಗಿ ಸಿಳ್ಳೆ ಹಾಕುತ್ತಿದ್ದಳು. ದೊಡ್ಡಮ್ಮ ಟವೆಲಿಗೆ ಬಂದವಳ ಹಾಗೆ ಟವೆಲು ತೆಗೆದುಕೊಂಡು ವಾಪಸಾದಳು.

ಯಜಮಾನರು ಮರುದಿನ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ದೊಡ್ಡಮ್ಮ ಒಂದೆರಡು ಸಲ ಅವರ ಕೋಣೆಯ ಮುಂದೆ ಸುಳಿದಾಡಿದಳು. ಅವರು ಗಾಜಿನ ಆಚೆಯಿಂದಲೇ ಕೈಯೆತ್ತಿ, ಆಗುತ್ತೆ ಆಗುತ್ತೆ ಎಂಬಂತೆ ಸನ್ನೆ ಮಾಡಿದರು. ಶನಿವಾರ ಕಳೆದುಹೋಯಿತು.

ಕಾರು ಓಡಿಸಿ ನೋಡುವ ಮೊದಲ ಟೆಸ್ಟಿನ ಬೆಳಿಗ್ಗೆ ಗಿರಗಿಟ್ಲೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಷೆಡ್ಡಿಗೆ ಬಂದಳು. ಮೆಕ್ಯಾನಿಕ್ಕುಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೇಸ್ತ್ರಿ, "ಏಯ್, ತಡಿಯಮ್ಮ ಸ್ವಲ್ಪ" ಅನ್ನುವಷ್ಟರಲ್ಲಿ ಅವಳು ಎಂದಿನಂತೆ ಒಂದೇ ನೆಗೆತಕ್ಕೆ ಎರಡನೇ ಕಾರಿನೊಳಕ್ಕೆ ಜಾರಿಬಿಟ್ಟಿದ್ದಳು.

ಕಾರು ಅವಳನ್ನು ಹಿಡಿದುಕೊಳ್ಳಲಿಲ್ಲ. ಭುಜದ ಎರಡೂ ಕಡೆ ಖಾಲಿ ಉಳಿಯಿತು. ಸೊಂಟಕ್ಕೆ ಯಾವುದೋ ಏಣು ಒತ್ತಿತು. ಕಾಲು ಚಾಚಿದರೆ ಪೆಡಲು ಸಿಗಲಿಲ್ಲ. ಇನ್ನೂ ಸ್ವಲ್ಪ ಚಾಚಿದಳು, ಮೈಯನ್ನು ಕೆಳಕ್ಕೆ ಎಳೆದುಕೊಂಡಳು, ಬೂಟಿನ ತುದಿ ಗಾಳಿಯಲ್ಲೇ ಆಡಿತು. ಯಾರೋ ರೇಡಿಯೋ ಆರಿಸಿದರು.

"ಇದು ಯಾರದು?" ಅಂದಳು, ಮುಂದೆ ನೋಡುತ್ತಲೇ.

ಯಜಮಾನರು ಹಿಂದಿನಿಂದ ಬಂದರು. ಸಿಟ್ಟಿನವರಲ್ಲ ಅವರು. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಪ್ಪನ ಹಾಗೆ ಮಾತಾಡಿದರು. "ನಿನ್ನೆ ಸಂಜೆವರೆಗೂ ಆ ಹುಡುಗನ ಅಪ್ಪ ಸಹಿ ಹಾಕಿರಲಿಲ್ಲಮ್ಮ. ಅವರು ಕೈ ಕೊಟ್ಟಿದ್ರೆ ನೀನು ಬೇಕಾಗಿತ್ತು. ಮುಂಚೆ ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ. ನನ್ನ ಜಾಗದಲ್ಲಿ ನಿಂತು ನೋಡು." ಆಮೇಲೆ ಎದ್ದು, ಮೂಲೆಯಲ್ಲಿ ಚಾಕು ಹಿಡಿದು ನಿಂತಿದ್ದ ದೊಡ್ಡಮ್ಮನ ಕಡೆ ಕೈ ತೋರಿಸಿದರು. "ಇವರನ್ನ ನೋಡಿ ಕಲೀರಿ ಎಲ್ಲರೂ. ಸ್ವಂತ ಮಗಳ ಹಾಗೆ ಸಾಕಿದ ಹುಡುಗಿ, ಆದ್ರೂ ಕೆಲಸದ ಮಾತು ಮನೆ ಬಾಗಿಲು ದಾಟಲಿಲ್ಲ. ಇಂಥವರಿಂದ ತಂಡ ನಿಂತಿದೆ."

ಗಿರಗಿಟ್ಲೆ ಆಗ ತಿರುಗಿ ನೋಡಿದಳು. ದೊಡ್ಡಮ್ಮನ ಜನ್ಮದಲ್ಲಿ ಯಾರೂ ಅವಳನ್ನು ಅಷ್ಟು ಜನರೆದುರು ಹೊಗಳಿರಲಿಲ್ಲ.

ದೊಡ್ಡಮ್ಮ ಸಂಜೆ ಮನೆಗೆ ಬಂದಾಗ ತಂಗಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು, ಅಲುಗಾಡದೆ.

"ಯಾವತ್ತಿಂದ ಗೊತ್ತಿತ್ತು?"

"ನೀನು ಕೇಳಿದ ದಿನ ಬೆಳಿಗ್ಗೆ."

"ಬೆಳಿಗ್ಗೆ," ಅಂದಳು ಹುಡುಗಿ.

"ಯಜಮಾನ್ರು ತಾವೇ ಹೇಳ್ತೀನಿ ಅಂದಿದ್ರು ಕಣೇ..."

"ನಾನು ಅವರನ್ನ ಕೇಳಿರಲಿಲ್ಲ. ನಿನ್ನ ಕೇಳಿದ್ದೆ." ದನಿ ಏರಲಿಲ್ಲ. "ಗೊತ್ತಿಲ್ಲ ಅಂದಿದ್ರೂ ಸಾಕಾಗಿತ್ತು ದೊಡ್ಡಮ್ಮ. ಗೊತ್ತಿಲ್ಲ ಅಂದಿದ್ರೆ ನಾನು ಹೆದರಿ ಅಲ್ಲಿಗೆ ಹೂಂ ಅಂತಿದ್ದೆ."

ಕೊಟ್ಟ ಮಾತಿಗೆ ಕಟ್ಟುಬಿದ್ದೆ ಎಂದು ದೊಡ್ಡಮ್ಮ ಷೆಡ್ಡಿನಿಂದ ಮನೆಯವರೆಗೆ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ತಂಗಿಯ ಮುಂದೆ ನಿಂತಾಗ ಅದು ನಾಲಿಗೆಯ ಮೇಲೆ ನಿಲ್ಲಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಯಾರು ಕರೆಯುತ್ತಾರೆ ಎಂಬ ಭಯ ಆ ದಿನ ತಟ್ಟೆಯ ಮುಂದೆಯೇ ಅವಳ ಪಕ್ಕ ಬಂದು ಕೂತಿತ್ತು. ಅದನ್ನು ಅವಳು ನೋಡಿಯೂ ಇದ್ದಳು.

"ನನಗೆ ಹೆದರಿಕೆಯಾಯ್ತು," ಅಂದಳು.

ತಂಗಿ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ನಮಗೂ ಆಗ್ತಿದೆ ಅಕ್ಕ, ಈಗ," ಅಂದಳು.

ಹುಡುಗಿ ಎದ್ದು ಒಳಗೆ ಹೋದಳು. ತೆಳ್ಳನೆಯ ಗೋಡೆ, ಎಲ್ಲ ಕೇಳಿಸುತ್ತಿತ್ತು. ಆ ಸಣ್ಣ ತಂಡದವರಿಗೇ ಫೋನು. ಸೀಟು ತುಂಬಿಹೋಗಿದೆ ಎಂದು ಅವರು ಹೇಳಿರಬೇಕು, ಏಕೆಂದರೆ ಸ್ವಲ್ಪ ಹೊತ್ತು ಹುಡುಗಿ ಬರೀ ಹೂಂ, ಹೂಂ ಅನ್ನುತ್ತಿದ್ದಳು. ಆಮೇಲೆ ದೊಡ್ಡಮ್ಮ ಎಂದೂ ಕೇಳಿರದ ದನಿಯೊಂದು ಬಂತು. ಸಣ್ಣದು, ಬಹಳ ವಿನಯದ್ದು.

"ಡ್ರೈವ್ ಮಾಡೋದೇ ಆಗಬೇಕು ಅಂತಿಲ್ಲ ಸರ್. ಟೈರ್ ಉರುಳಿಸ್ತೀನಿ, ಲಾರಿ ಓಡಿಸ್ತೀನಿ, ಏನಾದ್ರೂ ಸರಿ. ನಿಮ್ಮ ಜೊತೆ ಇದ್ರೆ ಸಾಕು... ಇಲ್ಲ ಸರ್, ಅವತ್ತು ಸೊಕ್ಕಿನಿಂದ ಹೇಳಿದ್ದಲ್ಲ. ಇಲ್ಲಿ ಸೀಟು ಇದೆ ಅಂತ ಅಂದ್ಕೊಂಡಿದ್ದೆ... ಯಾರು ಹೇಳಿದ್ರು ಅಂದ್ರೆ..." ಗೋಡೆಯ ಆಚೆ ಅವಳು ತಡೆದಳು. "ಯಾರೂ ಇಲ್ಲ ಸರ್. ನಾನೇ ತಪ್ಪು ತಿಳ್ಕೊಂಡೆ."

ದೊಡ್ಡಮ್ಮ ನಿಂತೇ ಇದ್ದಳು. ಕೂತ್ಕೋ ಎಂದು ತಂಗಿ ಹೇಳಲಿಲ್ಲ.