ಲಿಂಗ ಹಿಡಿಯುವ ಕೈ

ಸಾಯೂ ಹಿಂದಿನ ದಿನ ನಮ್ಮವರು, ಕಾಶೆಪ್ಪ, ತಾವೇ ಜಳಕಾ ಮಾಡಿ ಪೂಜಿಗೆ ಕುಂತರು. ಎಡಗೈ ಮ್ಯಾಲೆ ಇಷ್ಟಲಿಂಗ. ಆ ಕೈ ಕೆಳಗ ನನ್ನ ಕೈ. ಪೂಜಿ ಮುಗಿದ ಮ್ಯಾಲೆ ಹಾಲಾಗ ಜ್ವಾಳದ ರೊಟ್ಟಿ ಮುರಿದು ಉಂಡರು. ತೊಗರಿಗೆ ಹೂ ಬಂದಾವೇನು ಅಂತ ಕೇಳಿದರು. ಮರುದಿನ ಇಲ್ಲ.

ನನ್ನ ಕೈ ಯಾಕ ಬೇಕಾಯಿತು, ಅದು ಹೇಳತೀನಿ.

ನಾವು ಗಡಿ ಆಚಿ ಗುಂಜೋಟಿಯವರು. ಅವರಿಗೆ ಹೊಟ್ಟಿ ಕ್ಯಾನ್ಸರ್. ಕೀಮೋಕ್ಕ ಸೋಲಾಪುರಕ್ಕ ಹೋಗತಿದ್ದೆವು. ಆ ಔಷಧದಿಂದ ಕೈಕಾಲಿನ ನರ ಕೆಡತಾವ, ಉರಿ ಬರತದ, ಮುಟ್ಟಿದ್ದು ತಿಳಿಯೂದಿಲ್ಲ ಅಂದರು ಆಸ್ಪತ್ರಿಯವರು. ಹಂಗ ಆಗಬಾರದಂತ ಕೀಮೋದ ದಿನ ಕೈಕಾಲಿಗೆ ಕೆಂಪು ಬೆಳಕು ಹಿಡೀತೀವಿ, ರೊಕ್ಕಾ ಕೊಡೂದು ಬ್ಯಾಡ, ಸಹಿ ಮಾಡ್ರಿ ಅಂದರು. ನಮ್ಮವರಿಗೆ ಸಾವಿಗಿಂತ ಇದರದೇ ಅಂಜಿಕಿ. ಅಂಗೈಗೆ ಲಿಂಗ ತಿಳೀದಿದ್ದರ ಪೂಜಿ ಹ್ಯಾಂಗ?

ರೊಕ್ಕಾ ಬ್ಯಾಡ ಅಂದಾಗೇ ನನಗ ಸಂಶಯ ಬಂತು. ಬೆಳಕು ಹಿಡಿಯೂ ಸ್ವಪ್ನಾಲಿ ಸಿಸ್ಟರ್ ಅಕ್ಕಲಕೋಟದಾಕಿ, ಕನ್ನಡ ಬರತಿತ್ತು. ಇದು ಹೊಸದು, ಎಷ್ಟು ಗುಣ ಅದ ಇನ್ನೂ ನೋಡಲತೀವಿ ಅಂದಳು.

“ನೋಡಲಿಕ್ಕೆ ನಮ್ಮವರೇ ಸಿಕ್ಕರೇನವ್ವಾ?” ಅಂದೆ.

ಆಕಿ ನಕ್ಕಳು. “ಸುಡೂದಿಲ್ರೀ ಕಾಕು. ಬೇಕಂದ್ರ ನೀವೂ ಕೈ ಇಡ್ರಿ.”

ನಾ ಇಡಲಿಲ್ಲ. ಕೀಮೋನೂ ಮೊದಲು ಸುಟ್ಟಿರಲಿಲ್ಲ.

ಬಲಗೈ, ಎರಡೂ ಕಾಲು ಇಡ್ರಿ, ಲಿಂಗ ಹಿಡಿಯೂ ಕೈ ಕಂಡವರ ಯಂತ್ರದಾಗ ಬ್ಯಾಡ ಅಂತ ನಾನೇ ಹಟ ಹಿಡಿದೆ. ನಮ್ಮವರು ಹ್ಞೂ ಅಂದರು. ಎಡಗೈ ಧೋತರದಾಗ ಮುಚ್ಚಿಕೊಂಡು ಕುಂತರು. ಆ ಕೈನೂ ಇಡ್ರಿ ಅಂತ ಸಿಸ್ಟರ್ ಪ್ರತಿ ಸಲ ಹೇಳಿದಳು. ಪ್ರತಿ ಸಲ ನಾ ಬ್ಯಾಡ ಅಂದೆ.

ಐದನೇ ಕೀಮೋ ಆದ ಮ್ಯಾಲೆ ಒಂದಿನ ಪೂಜಿಯಾಗ ಲಿಂಗ ಜಾರಿ ತಾಟಿನಾಗ ಬಿತ್ತು. ಸಪ್ಪಳಕ್ಕ ನಾ ಓಡಿ ಬಂದೆ. ಅವರು ಕಣ್ಣು ಮುಚ್ಚಿ ಖಾಲಿ ಕೈ ಹಿಡಕೊಂಡೇ ಕುಂತಿದ್ದರು.

ಬಲಗೈ ಚಲೋ ಇತ್ತು. ಕಾಲೂ ಅಷ್ಟೇನು ಕೆಟ್ಟಿರಲಿಲ್ಲ. ಬೆಳಕಿನ ಗುಣವೇ ಏನ್ರಿ ಅಂತ ಡಾಕ್ಟರಿಗೆ ಕೇಳಿದೆ. ಒಬ್ಬರನ್ನ ನೋಡಿ ಹೇಳಲಿಕ್ಕೆ ಬರೂದಿಲ್ಲ ಅಂದರು. ಅವರ ಮಾತು ನಾ ಪೂರಾ ನಂಬಿಲ್ಲ. ನನ್ನ ಬುದ್ಧೀನೂ ಈಗ ನಂಬೂದಿಲ್ಲ.

ನಮ್ಮವರು ಒಂದು ಮಾತು ಬೈಲಿಲ್ಲ. “ನೀ ಕೆಳಗ ಕೈ ಹಿಡಿ,” ಅಂದರು, ಅಷ್ಟೇ. ನಾಕು ತಿಂಗಳು ಹಿಡಿದೆ. ಮಣ್ಣು ಕೊಡುವಾಗ ಸ್ವಾಮಿಗಳು ಅಂಗೈಯಾಗ ಲಿಂಗ ಇಟ್ಟರು. ಬೆರಳು ನಾ ಮಡಚಿದೆ.

ಈಗ ಮುಂಜಾನಿ ಎಮ್ಮಿ ನಾನೇ ಹಿಂಡತೀನಿ. ಅದು ಅವರ ಕೈಗೆ ರೂಢಿ ಆದ ಎಮ್ಮಿ. ನಾ ಕುಂತರ ಕಾಲು ಝಾಡಸತದ, ಹಾಲು ಬಿಡೂದಿಲ್ಲ. ಕೆಚ್ಚಲು ತೊಳೆದು, ಎರಡೂ ಕೈ ತಿಕ್ಕಿ ಬೆಚ್ಚಗ ಮಾಡಿಕೊಂಡು, ಅದು ಸುಮ್ಮಗಾಗೂ ತನಕ ಕೂಡತೀನಿ.